ಕೀಲಿ ಹಾಕಿದ ಬಾಗಿಲುಗಳ ಲಿಂಗಕ್ಕ

ಲಿಂಗಕ್ಕನ ನಡದಲ್ಲಿ ಯಾವಾಗಲೂ ಒಂದು ಕೀಲಿಕೈ ಗೊಂಚಲು ಇರುತ್ತಿತ್ತು. ಹಳೆ ಸೀರೆ ಅಂಚು ಹರಿದು ಹೊಸೆದ ದಾರಕ್ಕೆ ಅವನ್ನು ಪೋಣಿಸಿದ್ದಳು. ಆಕೆ ನಡೆದರೆ ಸಪ್ಪಳ ಆಗುತ್ತಿತ್ತು. ಕಸಬರಿಗೆ, ಬಕೀಟು, ಆ ಸಪ್ಪಳ, ಇವು ಮೂರೂ ಕೇಳಿದ ಮೇಲೆಯೇ ನಾನು ಏಳುತ್ತಿದ್ದೆ. ನಮ್ಮದು ಎದುರು ಬದುರು ಮನೆ.

ನಮ್ಮ ಊರು ಆಂಧ್ರದ ಆದೋನಿ ಕಡೆ, ಪೆದ್ದಕಡುಬೂರಿನ ಹತ್ತಿರ. ಹತ್ತಿ ಬಿಡಿಸಿ ಮುಗಿದ ಮೇಲೆ ಇಲ್ಲಿ ಕೆಲಸ ಇರುವುದಿಲ್ಲ. ಆಗ ಮಂದಿ ಲಾರಿ ಹತ್ತಿ ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ. ಅದಕ್ಕೆ ನಾವು ಸುಗ್ಗಿಗೆ ಹೋಗುವುದು ಅಂತೀವಿ. ಹಾಸಿಗೆ, ಪಾತ್ರೆ, ಕೋಳಿ, ಕೂಸು ಎಲ್ಲ ಕಟ್ಟಿಕೊಂಡು ಹೋದವರು ಮರಳಿ ಬರುವುದು ಯುಗಾದಿಗೆ. ಅಲ್ಲಿತನಕ ಓಣಿಯ ಬಾಗಿಲುಗಳಿಗೆಲ್ಲ ಕೀಲಿ.

ಲಿಂಗಕ್ಕನ ಗಂಡ ಹನುಮಂತು ಸೆಂಟ್ರಿಂಗ್ ಕೆಲಸಕ್ಕೆ ಅಂತ ಆದೋನಿಗೆ ಹೋಗಿ ಬೊಂಬಾಯಿ ರೈಲು ಹತ್ತಿದವನು. ತಿರುಗಿ ಬರಲಿಲ್ಲ. ಸತ್ತ ಅಂತ ಯಾರೂ ಹೇಳಲಿಲ್ಲ, ಇದ್ದಾನೆ ಅಂತಲೂ ಹೇಳಲಿಲ್ಲ. ಮಕ್ಕಳಾಗಿರಲಿಲ್ಲ. ಆಕೆ ಕುಂಕುಮ ಇಟ್ಟುಕೊಂಡೇ ಇದ್ದಳು. ಮೊದಮೊದಲು ಹಗಲೆಲ್ಲ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಒಲೆ ಹಚ್ಚಿದರೆ ಹಚ್ಚಿದಳು, ಇಲ್ಲದಿದ್ದರೆ ಇಲ್ಲ. ನಾನು ರೊಟ್ಟಿ ಒಯ್ದು ಕೊಟ್ಟರೆ, "ಯಾರಿಗೆ ಅಂತ ಉಣ್ಲಿ ಅಕ್ಕಾ?" ಅನ್ನುತ್ತಿದ್ದಳು. ನಾನೂ ಗಂಡನ್ನ ಕಳಕೊಂಡವಳೇ. ನನಗೆ ಗೋರಿಯಾದರೂ ಇತ್ತು, ಆಕೆಗೆ ಅದೂ ಇರಲಿಲ್ಲ.

ಆಕೆಯನ್ನು ಎಬ್ಬಿಸಿ ನಿಲ್ಲಿಸಿದವನು ಮೂಲೆ ಮನೆಯ ಭೀಮಣ್ಣ. ಒಂದು ವರ್ಷ ಲಾರಿ ಹತ್ತುವ ಮುಂಚೆ ಬಂದು ಕೀಲಿಕೈಯನ್ನು ಆಕೆಯ ಉಡಿಗೆ ಹಾಕಿದ.

"ಲಿಂಗಕ್ಕ, ದಿನಾ ನಮ್ಮ ಹೊಸ್ತಿಲಿಗೆ ಒಂದು ತಂಬಿಗಿ ನೀರು ಹಾಕವ್ವ. ನೀರು ಕಾಣದ ಬಾಗಲಕ್ಕ ತಿರುಗಿ ಬರಾಕ ಮನಸಾಗಂಗಿಲ್ಲ."

"ನಂದs ನನಗ ಆಗವಲ್ದು, ನಿಂದೇನು ಮಾಡ್ಲಪ್ಪ," ಅಂದಳು.

"ನಿಂದು ಬಿಡು. ನಂದು ಮಾಡು," ಅಂದು ನಕ್ಕು ಹೋದ.

ಮರುದಿನ ಎದ್ದಳು. ಭೀಮಣ್ಣನ ಅಂಗಳ ಗುಡಿಸಿದಳು, ಸೆಗಣಿ ನೀರು ಚಳೆ ಹೊಡೆದು ನಾಲ್ಕು ಎಳೆ ರಂಗೋಲಿ ಹಾಕಿದಳು. ಆ ಹೊಸ್ತಿಲ ಕಲ್ಲಿನ ಬಲಮೂಲೆ ಒಡೆದಿತ್ತು. ಅದಕ್ಕೆ ಮಣ್ಣು ಮೆತ್ತಿ ಸಮ ಮಾಡಿದಳು. ಮುಂದಿನ ವರ್ಷ ಇನ್ನೆರಡು ಮನೆಯವರು ಕೀಲಿಕೈ ಕೊಟ್ಟರು, ಅದರ ಮುಂದಿನ ವರ್ಷ ಓಣಿಯೇ ಕೊಟ್ಟಿತು. ಯಾರ ಮನೆ ಮುಂದೆ ಯಾವ ರಂಗೋಲಿ ಅಂತ ಆಕೆಗೆ ಲೆಕ್ಕ ಇತ್ತು. ಹೊಸ ಸೊಸೆ ಬಂದ ಮನೆಗೆ ತಾವರೆ, ಎಳೆಗೂಸಿನ ಮನೆಗೆ ತೊಟ್ಟಿಲು. ಸಾವಾದ ಮನೆಗೆ ದಿನಕರ್ಮ ಆಗುವತನಕ ಏನೂ ಇಲ್ಲ, ಬರೀ ನೀರು. ವಾರಕ್ಕೊಮ್ಮೆ ಒಳಗೆ ಹೋಗಿ ಗೆದ್ದಲು ನೋಡುವಳು, ದೇವರ ಮುಂದೆ ದೀಪ ಹಚ್ಚುವಳು. ಯಾರಾದರೂ, "ಏನ್ ಲಿಂಗಕ್ಕ, ತಾಸೀಲ್ದಾರಗತೆ ಓಣಿ ತಿರಗ್ತಿ," ಅಂದರೆ, "ಹೂಂ ಮತ್ತ, ನಿಮ್ಮನಿ ಹಲ್ಲಿನೂ ನನ್ನ ಕೇಳೇ ಲೊಚಗುಟ್ಟತೈತಿ," ಅನ್ನುವಳು.

ಯುಗಾದಿಗೆ ಲಾರಿ ಬಂದಾಗ ಬಾಗಿಲು ತೆಗೆದು, ಕಾಲಿಗೆ ನೀರು ಹಿಡಿದು ನಿಲ್ಲುತ್ತಿದ್ದಳು. ಅವರು ಕಾಲು ತೊಳೆದು ಒಳಗೆ ಹೋಗುವುದನ್ನು ನೋಡುತ್ತಾ ನಿಲ್ಲುತ್ತಿದ್ದಳಲ್ಲ, ಆಗ ಆಕೆಯ ಮುಖ ನೋಡಬೇಕು. ಒಮ್ಮೆ ನನಗೆ ಹೇಳಿದಳು: "ಅಕ್ಕಾ, ಬೆಳಕು ಹರದರ ನನಗ ಕೆಲಸ ಐತಿ ಅಂತ ಅನಸ್ತೈತಿ ನೋಡು. ಅಷ್ಟs ಸಾಕು."

ಅಷ್ಟೇ ಇತ್ತು ಆಕೆಗೆ. ಅದು ಹೋದದ್ದು ಹೋದ ವರ್ಷದ ಸಂಕ್ರಾಂತಿಯ ದಿನ.

ನಮ್ಮ ಕಡೆ ಈಗ ತೆಲುಗಿನವರ ಹಾಗೆ ಸಂಕ್ರಾಂತಿಗೆ ಮುಗ್ಗು, ಅಂದರೆ ಬಣ್ಣದ ದೊಡ್ಡ ರಂಗೋಲಿ, ಹಾಕುವುದು ನಡೆದಿದೆ. ಲಿಂಗಕ್ಕ ನಸುಕಿನಲ್ಲೇ ಶುರು ಮಾಡಿದಳು. ಎಲ್ಲ ಮನೆಗಳದ್ದೂ ಮುಗಿಸಿ ಭೀಮಣ್ಣನ ಬಾಗಿಲನ್ನು ಕಡೆಗೆ ಇಟ್ಟುಕೊಂಡಳು. ಅಲ್ಲಿ ಅಂಗಳ ದೊಡ್ಡದು. ಗುಲಾಬಿ, ಹಸಿರು, ಹಳದಿ ತುಂಬಿ ಒಂದು ತೇರಿನಷ್ಟು ಮುಗ್ಗು ಹಾಕಿದಳು. ಹೊಸ್ತಿಲಿಗೆ ಅರಿಶಿಣ ಕುಂಕುಮ, ಮೇಲೆ ಮಾವಿನೆಲೆ. ಆ ಹೊತ್ತಿಗೆ ಭೀಮಣ್ಣನ ದಾಯಾದಿ ತಮ್ಮ ಪೆದ್ದಣ್ಣ ಸನಿಕೆ ಹೆಗಲಿಗಿಟ್ಟುಕೊಂಡು, ಹಿಂದೆ ಇಬ್ಬರನ್ನು ಕರಕೊಂಡು, ಓಣಿ ತುದಿಯಿಂದ ಹಾದು ಹೋದ. ನಾನು ನೋಡಿದೆ. ಹಬ್ಬದ ದಿನವೂ ಹೊಲಕ್ಕೆ ಹೊರಟನಲ್ಲ ಅಂದುಕೊಂಡೆ.

ಮಧ್ಯಾಹ್ನ ಗಾಡಿಯ ಸಪ್ಪಳವಾಯಿತು. ಲಿಂಗಕ್ಕ ತಂಬಿಗೆ ತುಂಬಿಕೊಂಡು ಓಡಿದಳು. ಅಂಬುಲೆನ್ಸು ಅಂತ ಆಕೆಗೆ ತಿಳಿಯಲಿಲ್ಲ. ಹಿಂಬಾಗಿಲಿನಿಂದ ಭೀಮಣ್ಣನ ಹೆಂಡತಿ ಹುಸೇನಮ್ಮನ ಕಾಲು ಇಳಿದದ್ದಷ್ಟೇ ಕಂಡಿತು.

"ಬಂದ್ರೇನು! ಈ ಸಲ ಹಬ್ಬಕ್ಕs ಬಂದ್ರೇನು! ಎಲ್ಲಿ ನಮ್ಮ ಭೀಮಣ್ಣ?" ಅಂತ ಕಾಲಿಗೆ ನೀರು ಹಾಕಿಯೇಬಿಟ್ಟಳು.

ಹುಸೇನಮ್ಮ ಅಲ್ಲೇ ಕುಸಿದಳು. ಮಗ ತಿಪ್ಪೇಶ ಮತ್ತು ಇನ್ನೊಬ್ಬ ಬಿಳಿಬಟ್ಟೆಯ ಮೂಟೆಯನ್ನು ಎಳೆದರು. ಹಿಂದಿನ ದಿನ ಸಂಜೆ ಭೀಮಣ್ಣ ಮೆಣಸಿನ ಹೊಲದಲ್ಲೇ ಎದೆ ಹಿಡಿದು ಬಿದ್ದಿದ್ದ. ಫೋನು ಪೆದ್ದಣ್ಣನಿಗೆ ಬಂದಿತ್ತು. ಅವನು ಸನಿಕೆ ಹೊತ್ತು ಹೋದದ್ದು ಹೊಲಕ್ಕಲ್ಲ. ಕುಣಿ ತೋಡುವವರಿಗೆ ಹೇಳಿದ್ದರು, ಆದೋನಿಯ ಬೀಗರಿಗೆ ಹೇಳಿದ್ದರು, ಹಲಗೆ ಬಡಿಯುವವರಿಗೆ ಹೇಳಿದ್ದರು. ಕೀಲಿಕೈ ಇದ್ದವಳಿಗೆ ಹೇಳಬೇಕು ಅಂತ ಯಾರ ತಲೆಗೂ ಬಂದಿರಲಿಲ್ಲ.

ಹೆಣವನ್ನು ಬಾಗಿಲ ಮುಂದೆ ಇಡಬೇಕು. ಬಾಗಿಲ ಮುಂದೆ ಬಣ್ಣ.

ತಿಪ್ಪೇಶ ಬಕೀಟು ಎತ್ತಿ ನೀರು ಸುರಿದ, ಕಾಲಿನಿಂದ ಉಜ್ಜಿದ. ಬಣ್ಣ ಹೋಗಲಿಲ್ಲ, ಒಂದರೊಳಗೊಂದು ಕಲೆತು ಹರಿಯಿತು. ಅದರ ಮೇಲೆಯೇ ಭೀಮಣ್ಣನನ್ನು ಮಲಗಿಸಿದರು. ಬಿಳಿಬಟ್ಟೆಯ ಅಂಚು ಗುಲಾಬಿ ಆಯಿತು.

"ನನಗ ಗೊತ್ತಿಲ್ಲಪ್ಪ, ನನಗ ಯಾರೂ ಹೇಳಲಿಲ್ಲ," ಅಂತ ಲಿಂಗಕ್ಕ ಮತ್ತೆ ಮತ್ತೆ ಅಂದಳು.

"ಗೊತ್ತಿಲ್ಲಂತ! ನಮ್ಮಪ್ಪನ ಹೆಣಕ್ಕ ಹಬ್ಬ ಮಾಡೀದಿ!" ತಿಪ್ಪೇಶ ಕೂಗಿದ. "ನಿನ್ನ ಹಣಿ ಮ್ಯಾಲಿಂದು ಗೊತ್ತೈತೇನು ನಿನಗ? ಆ ಕುಂಕುಮ ಇದ್ದವನದೋ, ಸತ್ತವನದೋ? ಅಂಥಾ ಕೈ ತಂದು ನಮ್ಮ ಬಾಗಲಕ್ಕ ಹಚ್ಚೀದಿ!"

ಸುತ್ತ ನಿಂತವರು ಯಾರೂ ಅವನನ್ನು ತಡೆಯಲಿಲ್ಲ. ತಂದೆ ಸತ್ತ ಹುಡುಗ, ಏನನ್ನೋಣ ಅಂತ ನಾನೂ ಸುಮ್ಮನಿದ್ದೆ. ಹುಸೇನಮ್ಮ ನೆಲದಿಂದಲೇ ಕೈ ಚಾಚಿದಳು. ಬೈಯಲಿಲ್ಲ.

"ಕೀಲಿಕೈ ಕೊಡವ್ವ," ಅಂದಳು.

ಲಿಂಗಕ್ಕ ಗೊಂಚಲಿನ ಗಂಟನ್ನು ನನ್ನ ಕಡೆ ಚಾಚಿದಳು. ನಾನೇ ಬಿಚ್ಚಿದೆ. ಭೀಮಣ್ಣ ಕೊಟ್ಟ ಮೊದಲ ಕೀಲಿಕೈ ಗೊಂಚಲಿನ ನಡುವೆ ಇತ್ತು, ಹಿಡಿ ಸವೆದು ಬೆಳ್ಳಗಾಗಿತ್ತು.

ಮುಗ್ಗಿನ ಸುದ್ದಿ ಫೋನಿನಲ್ಲೇ ಗುಂಟೂರು ಮುಟ್ಟಿತು. ಯುಗಾದಿಗೆ ಬಂದವರು, ಅಲ್ಲಿತನಕ ವರ್ಷವಿಡೀ ಆಕೆಯ ಹತ್ತಿರವೇ ಬಿಡುತ್ತಿದ್ದ ಕೀಲಿಕೈಯನ್ನು ಒಬ್ಬೊಬ್ಬರೇ ತಗೊಂಡು ಹೋದರು. ಯಾರೂ ಕೆಟ್ಟ ಮಾತಾಡಲಿಲ್ಲ. "ನಿನಗೂ ವಯಸ್ಸಾತು ಬಿಡು ಲಿಂಗಕ್ಕ," ಅಂದರು. ಕಾಲಿಗೆ ನೀರು ಮಾತ್ರ ಯಾರೂ ಇಸಕೊಳ್ಳಲಿಲ್ಲ.

ಆಮೇಲೂ ಆಕೆ ನಸುಕಿನಲ್ಲೇ ಏಳುತ್ತಿದ್ದಳು. ಬಕೀಟು ತುಂಬಿಸಿಕೊಂಡು ತನ್ನ ಕಟ್ಟೆಯ ಮೇಲೆ ಕೂತುಬಿಡುವಳು. ಬಿಸಿಲು ಬಂದ ಮೇಲೆ ಆ ನೀರನ್ನು ಬೇವಿನ ಗಿಡಕ್ಕೆ ಸುರಿಯುವಳು. ತನ್ನ ಬಾಗಿಲಿಗೆ ಹಾಕಲಿಲ್ಲ. ಒಂದು ದಿನ ನೋಡಿದರೆ ಹಣೆ ಬರಿದಾಗಿತ್ತು.

ನಾನು ಓಡಿಹೋಗಿ ಕೇಳಿದೆ: "ಏನs, ಹನುಮಂತುನ ಸುದ್ದಿ ಯಾರರ ಹೇಳಿದ್ರೇನು?"

"ಯಾರ್ ಹೇಳ್ತಾರಕ್ಕ," ಅಂದಳು. "ಹೇಳೋರಿದ್ದಿದ್ರ ಭೀಮಣ್ಣಂದೂ ಹೇಳ್ತಿದ್ರು."

ಈ ವರ್ಷ ಹತ್ತಿ ಮುಗಿದಾಗ ಮೇಸ್ತ್ರಿ ಸುಂಕೇಶ ಲಾರಿ ತಂದ. ಲಿಂಗಕ್ಕ ಗಂಟು ಕಟ್ಟಿಕೊಂಡು ಹೋಗಿ ನಿಂತಳು.

"ಏಮಿ ಲಿಂಗಕ್ಕಾ, ಮೆಣಸಿನಕಾಯಿ ಬಿಡಸ್ತೀಯೇನು ಈ ವಯಸ್ಸಿಗೆ? ಖಾರ ಹತ್ತಿ ಕಣ್ಣು ಹೋಗ್ತಾವ!"

"ಕೂಸುಗಳನ್ನ ನೋಡಿಕೊಂತೀನಪ್ಪ. ಒಂದು ತುತ್ತು ಕೂಳು ಹಾಕಿದ್ರ ಸಾಕು."

"ಗುಡಾರದಾಗ ಚಳಿ ಐತಿ. ಸತ್ತರ ಹೊತ್ಕೊಂಡು ಬರಾಕ ನನ್ನ ಕೈಲಾಗಂಗಿಲ್ಲ, ಈಗs ಹೇಳೀನಿ," ಅಂದ ನಗುತ್ತಾ.

"ತರಬ್ಯಾಡ," ಅಂದಳು. ಆಕೆ ನಗಲಿಲ್ಲ.

ಹೊರಡುವ ಮುಂಚೆ ನನ್ನ ಹತ್ತಿರ ಬಂದು ತನ್ನ ಮನೆಯ ಕೀಲಿಕೈ ಕೊಟ್ಟಳು. ನಾನು ಗಂಡ ಸತ್ತವಳು, ಇನ್ನೊಬ್ಬರ ಬಾಗಿಲಿಗೆ ರಂಗೋಲಿ ಹಾಕಬಾರದು. ಅದು ಆಕೆಗೂ ಗೊತ್ತು.

"ನೀರಷ್ಟು ಹಾಕ್ತೀನಿ ಬಿಡು," ಅಂದೆ.

"ನೀರೂ ಬ್ಯಾಡಕ್ಕ. ನಾ ಅಲ್ಲಿ ಇದ್ದೀನೋ ಇಲ್ಲೋ ನಿನಗ ಹೆಂಗ ತಿಳೀಬೇಕು?"

ಈಗ ಓಣಿ ತುಂಬ ಕೀಲಿ. ಅಂಗಳದಲ್ಲಿ ಬೇವಿನೆಲೆ ಬಿದ್ದು ಕೊಳೆತಿದೆ. ಭೀಮಣ್ಣನ ಹೊಸ್ತಿಲ ಮೂಲೆಯ ಮಣ್ಣು ಉದುರಿಹೋಗಿದೆ. ನನಗೆ ಬೆಳಗಾದದ್ದು ತಡವಾಗಿ ತಿಳಿಯುತ್ತದೆ. ಎದ್ದರೂ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಕೀಲಿಕೈ ತಲೆದಿಂಬಿನ ಕೆಳಗಿದೆ. ನೀರು ಹಾಕಿಲ್ಲ.

ಮೊನ್ನೆ ಪೆದ್ದಣ್ಣನ ಮನೆಗೆ ಹೋಗಿದ್ದೆ. ಸುಂಕೇಶ ಫೋನು ಮಾಡುವುದು ಅವನಿಗೇ. "ಲಿಂಗಕ್ಕನ ಸುದ್ದಿ ಏನರ ಬಂದ್ರ ನನಗೂ ಒಂದು ಮಾತು ಹೇಳಪ್ಪ," ಅಂದೆ.

"ಹೇಳದs ಇರ್ತೀನೇನು ಅವ್ವಾ?" ಅಂದ.

ಅವನ ಬಾಗಿಲ ಪಕ್ಕ, ಸಂಕ್ರಾಂತಿಯ ದಿನ ಅವನ ಹೆಗಲ ಮೇಲಿದ್ದ ಆ ಸನಿಕೆ ಗೋಡೆಗೆ ಒರಗಿ ನಿಂತಿತ್ತು.