ಎತ್ತಿನಂತೆ ಕಟ್ಟಿದ ದೋಣಿ

ಇದನ್ನು ಬರೆಯಲು ಎಷ್ಟೋ ಸಲ ಕುಳಿತು, ಬರೆಯದೇ ಎದ್ದಿದ್ದೇನೆ. ಈಗ ತೊಂಬತ್ತು ದಾಟಿದೆ. ಇನ್ನು ಮುಂದೂಡುವಂತಿಲ್ಲ.

೧೯೪೬ರಲ್ಲಿ ನನಗೆ ಹದಿನಾರು. ತಿಕೋಟಾದ ನನ್ನ ಸೋದರಮಾವ ಒಣಮೆಣಸಿನಕಾಯಿ ವ್ಯಾಪಾರಿ. ಕಾರವಾರದ ಕಡೆ ಮಾಲು ಒಯ್ಯುವಾಗ ನನ್ನನ್ನೂ ಕರೆದೊಯ್ದರು. ಜೊತೆಗೆ ನಮ್ಮಲ್ಲಿ ದುಡಿಯುತ್ತಿದ್ದ ಸಾರವಾಡದ ಹಿರಿಯನೊಬ್ಬ. ನನ್ನನ್ನು ಎತ್ತಿ ಆಡಿಸಿದವನು, ಕಾಕಾ ಎನ್ನುತ್ತಿದ್ದೆ.

ಅಲ್ಲಿಯ ದಂಡೆಯಲ್ಲಿ ಸಣ್ಣ ಹಾಯಿದೋಣಿಗೆ ನಾಲ್ಕು ಚೀಲ ಹೇರಿ ಅಂಬಿಗ ಊಟಕ್ಕೆ ಹೋದ. ನಾನು ಕಾವಲಿಗೆ ಕುಳಿತೆ. ದೋಣಿಯ ಹಗ್ಗ ಉದ್ದಕ್ಕೆ ಸಡಿಲ ಬಿದ್ದಿತ್ತು. ನಮ್ಮಲ್ಲಿ ಎತ್ತಿಗೆ ಹಾಗೆ ಹಗ್ಗ ಬಿಟ್ಟರೆ ಮಂದಿಯ ಬೆಳೆಗೆ ಬಾಯಿ ಹಾಕುತ್ತದೆ. ಬಿಚ್ಚಿ, ಮೋಟಾಗಿ ಗೂಟಕ್ಕೆ ಬಿಗಿದೆ.

"ಲೇ ತಮ್ಮಾ, ಬಿಡೋ. ನೀರಿನ ಕೆಲಸ ನಮಗೇನ್ ತಿಳೀತೈತಿ?" ಎಂದ ಕಾಕಾ.

"ಹಿಂಗ ಬಿಗದ ಮ್ಯಾಲ ಓಡಿ ಹೋಗಾಕ ಇದಕ್ಕೇನ್ ಕಾಲ್ ಅದಾವೇನ್ ಕಾಕಾ?"

ಆತ ನಗುತ್ತ ತನ್ನ ರೊಟ್ಟಿಗಂಟು ನನ್ನ ಕೈಗಿಟ್ಟು, ಉಳಿದ ಚೀಲ ತರಲು ಮಾವ ಇದ್ದ ಪೇಟೆಗೆ ಹೋದ. ನಾನು ದೋಣಿಯಲ್ಲೇ ನಿದ್ದೆಹೋದೆ. ಭರತಕ್ಕೆ ನೀರು ಏರಿದಾಗ ಮೋಟು ಹಗ್ಗದ ದೋಣಿ ಗೂಟವನ್ನೇ ಕಿತ್ತಿತ್ತು. ಹಿಂದೆಯೇ ಇಳಿದ ನೀರು ಕಡಲಿಗೆ ಎಳೆದಿತ್ತು. ಕಣ್ಣು ಬಿಟ್ಟಾಗ ದಂಡೆ ಒಂದು ಗೆರೆಯಷ್ಟು.

ಹಾಯಿ ಎತ್ತಲು ಹೋದೆ. ಅದು ಮುಖಕ್ಕೆ ಹೊಡೆದು ಕೆಡವಿತು. ಕೊನೆಗೆ ಅದನ್ನೇ ಹೊದ್ದು ಬಿಸಿಲು ತಡೆದೆ. ಕುಡಿಯಲು ಅಂಬಿಗನದೊಂದು ಗಡಿಗೆ ನೀರು. ಮೆಣಸಿನಕಾಯಿಯ ಘಾಟಿಗೆ ಬಾಯಾರಿಕೆ ಇಮ್ಮಡಿ. ಕಾಕಾನ ಒಣಗಿದ ಕಟಕ ರೊಟ್ಟಿಯನ್ನು ಚೂರುಚೂರೇ ನೆನೆಸಿ ಎರಡು ದಿನ ತಿಂದೆ. ಮೂರನೆಯ ಬೆಳಿಗ್ಗೆ ಮೀನುಗಾರರು ಕಂಡು ದಡಕ್ಕೆ ತಂದರು.

ಕಾಕಾ ಅಷ್ಟೂ ಹೊತ್ತು ದಂಡೆ ಬಿಟ್ಟು ಕದಲಿರಲಿಲ್ಲವಂತೆ. ಓಡಿಬಂದು ನನ್ನ ಗಲ್ಲ ಹಿಡಿದು, "ಯಪ್ಪಾ, ಬಂದ್ಯಾ?" ಎಂದು ಅತ್ತ.

"ಹಗ್ಗಾ ಕಟ್ಟಿದಾಂವ ಯಾಂವಲೇ?" ಮಾವ ಕೆಂಡವಾಗಿದ್ದರು.

ನಾನು ಕಾಕಾನ ಕಡೆ ಬೆರಳು ತೋರಿಸಿದೆ.

ಆತನ ಕೈ ಇನ್ನೂ ನನ್ನ ಗಲ್ಲದ ಮೇಲೇ ಇತ್ತು. ಒಂದು ಗಳಿಗೆ ನನ್ನನ್ನೇ ನೋಡಿದ. "ಹೌದ್ರಿ, ನಾನ ಕಟ್ಟೀನ್ರಿ" ಎಂದ. ಮಾವ ಅಲ್ಲೇ ಕೆಲಸ ಬಿಡಿಸಿದರು.

ಮರುವರ್ಷ ಬಬಲೇಶ್ವರ ಸಂತೆಯಲ್ಲಿ ಕೂಲಿಗೆ ಚೀಲ ಹೊರುತ್ತಿದ್ದ ಕಾಕಾ ನನ್ನನ್ನು ಕಂಡು ನಿಂತ. "ಚಲೋ ಅದಿಯೇನಪಾ? ನೀರ್ ಕಂಡ್ರ ಈಗೂ ಅಂಜಿಕಿ ಬರತೈತೇನು?"

"ಇಲ್ಲ" ಎಂದಷ್ಟೇ ಹೇಳಿ ಮಂದಿಯಲ್ಲಿ ಮರೆಯಾದೆ. ವಿಜಾಪುರದಲ್ಲಿ ನೌಕರಿ ಹಿಡಿದು, ಸಾರವಾಡಕ್ಕೆ ಹೋಗುವ ಧೈರ್ಯ ಮಾಡುವಷ್ಟರಲ್ಲಿ ಆತ ಬದುಕಿರಲಿಲ್ಲ.

ನಮ್ಮ ಮನೆಯಲ್ಲಿ ಇಂದಿಗೂ ಈ ಕಥೆ ಹೇಳುವಾಗ, ಆಳಿನ ತಪ್ಪಿನಿಂದ ಅಜ್ಜ ಕಡಲುಪಾಲಾಗುತ್ತಿದ್ದ ಎನ್ನುತ್ತಾರೆ. ಮೊಮ್ಮಕ್ಕಳೇ, ಹಗ್ಗ ಕಟ್ಟಿದವನು ನಾನು. ತಪ್ಪು ಹೊತ್ತವನು ಸಾರವಾಡದ ಸಂಗಪ್ಪ.