ಬ್ರೇಕ್ ಒತ್ತುವವನು, ಹಿಂದೆ ನಿಲ್ಲುವವನು

ನನಗೊಂದು ರೋಗವಿದೆ. ರಸ್ತೆಯಲ್ಲಿ ಮುಂದೆ ಹೋಗುವ ಗಾಡಿಯ ಹಿಂದಿನ ದೀಪಗಳು ಹತ್ತುತ್ತಿವೆಯೇ ಎಂದು ನೋಡದೆ ಸಮಾಧಾನವಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೂ ಕಪ್ಪತಗುಡ್ಡ ನೋಡುವುದು ಬಿಟ್ಟು, ಡ್ರೈವರನ ಹೆಗಲ ಮೇಲಿಂದ ಇಣುಕಿ, ಮುಂದಿನ ಟ್ರೇಲರಿನ ಎಡಗಡೆ ಬಲ್ಬು ಸತ್ತಿದೆಯಲ್ಲ ಎಂದು ಚಡಪಡಿಸುತ್ತೇನೆ. ಈ ರೋಗಕ್ಕೆ ನನ್ನ ಹೆಂಡತಿ ಇಟ್ಟ ಹೆಸರು ಇಲ್ಲಿ ಬರೆಯುವಂಥದ್ದಲ್ಲ.

ಇದು ಅಂಟಿದ್ದು ನಮ್ಮ ಮನೆ ಪಾಲಾದ ಮೇಲೆ. ನಾನೂ ತಮ್ಮ ಈರಣ್ಣನೂ ಬೇರೆಯಾದಾಗ ಹಿರಿಯರು ಕುಳಿತು ಹೊಲ, ಹಂಡೆ, ಕೊಡ ಎಲ್ಲವನ್ನೂ ಹಂಚಿದರು. ಟ್ರ್ಯಾಕ್ಟರ್ ನನಗೆ ಬಂತು, ಟ್ರೇಲರ್ ಅವನಿಗೆ. ಸರಿದೂಗಿಸಲು ಅವನಿಗೆ ಹರ್ತಿಯ ಹೊಲ ಹೆಚ್ಚು ಕೊಟ್ಟರು. ಅವನು ಅಲ್ಲಿಯೇ ಮನೆ ಮಾಡಿದ, ನಾನು ಡೋಣಿಯಲ್ಲಿ ಉಳಿದೆ. ಎಳೆಯುವುದು ಒಂದೂರಲ್ಲಿ, ಎಳೆಸಿಕೊಳ್ಳುವುದು ಇನ್ನೊಂದೂರಲ್ಲಿ. ಇಂಥ ಪಾಲು ಲೋಕದಲ್ಲಿ ಬೇರೆಲ್ಲಾದರೂ ಆಗಿದೆಯೋ ಇಲ್ಲವೋ, ನಮಗಂತೂ ಒಗ್ಗಿತ್ತು. ಅವನು ಉಳ್ಳಾಗಡ್ಡಿಯನ್ನು ಗದಗಿಗೆ ಸಾಗಿಸಬೇಕೆಂದರೆ ನಾನು ಬೇಕು, ನಾನು ಗೊಬ್ಬರ ಹೇರಬೇಕೆಂದರೆ ಅವನು ಬೇಕು. ಬೇರೆಯಾದ ಅಣ್ಣತಮ್ಮಂದಿರು ಮುಖ ನೋಡಲು ಯಾರದಾದರೂ ಮದುವೆಗೆ ಕಾಯಬೇಕು. ನಮಗೆ ಆ ಕಷ್ಟವಿರಲಿಲ್ಲ.

ಹೀಗಿರುವಾಗ ಈ ಸುಗ್ಗಿಯಲ್ಲಿ ಟ್ರೇಲರಿನ ದೀಪಗಳಿಗೆ ಬುದ್ಧಿಭ್ರಮಣೆಯಾಯಿತು. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣಮಿಣ ಎನ್ನುತ್ತದೆ. ಇಂಡಿಕೇಟರ್ ಹಾಕಿದರೆ ಎಲ್ಲ ದೀಪಗಳೂ ಸೇರಿ ಮಂಕಾಗಿ ಉಸಿರಾಡುತ್ತವೆ. ದೋಷ ಟ್ರ್ಯಾಕ್ಟರಿನದು ಎಂದು ಅವನು, ಟ್ರೇಲರಿನದು ಎಂದು ನಾನು. ಪಾಲಿನ ದಿನ ಯಾರೂ ಎತ್ತದಿದ್ದ ಮಾತುಗಳೆಲ್ಲ ಬಲ್ಬಿನ ನೆಪದಲ್ಲಿ ಹೊರಗೆ ಬಂದವು. ಕೊನೆಗೆ ಈರಣ್ಣ ತಣ್ಣಗೆ ಹೇಳಿದ: “ಶಿರಹಟ್ಟಿಯವರೊಬ್ರು ಟ್ರೇಲರ್ ಕೇಳಾಕತ್ತಾರ. ಕೊಟ್ಟಬಿಡ್ತೀನಿ. ನಿನಗೂ ತ್ರಾಸಿಲ್ಲ, ನನಗೂ ಇಲ್ಲ.”

ಟ್ರೇಲರ್ ಹೋದರೆ ಹೋಗಲಿ, ಬಾಡಿಗೆಗೆ ನೂರು ಸಿಗುತ್ತವೆ. ಅದರ ಹಿಂದೆ ನಿಲ್ಲುವ ತಮ್ಮ ಬಾಡಿಗೆಗೆ ಸಿಗುವುದಿಲ್ಲ.

ಹಿಂದೆ ನಿಲ್ಲುವವನ ಮಹತ್ವ ಟ್ರೇಲರ್ ಕಟ್ಟಿಕೊಂಡವರಿಗೇ ಗೊತ್ತು. ದೀಪದ ಪರೀಕ್ಷೆ ಒಬ್ಬನಿಂದ ಆಗುವ ಕೆಲಸವಲ್ಲ. ಬ್ರೇಕ್ ಒತ್ತುವವನಿಗೆ ದೀಪ ಕಾಣುವುದಿಲ್ಲ, ದೀಪ ಕಾಣುವವನಿಗೆ ಬ್ರೇಕ್ ಎಟುಕುವುದಿಲ್ಲ. ಮನೆಯೊಳಗೆ ‘ದೀಪ ಆರಿತು’ ಎಂಬ ಮಾತನ್ನು ಬಾಯಲ್ಲಿ ಆಡಲು ಹಿಂಜರಿಯುವ ನಾವು ಅಂಗಳದಲ್ಲಿ ನಿಂತು ಅದನ್ನೇ ಊರಿಗೆಲ್ಲ ಕೇಳುವಂತೆ ಕೂಗುತ್ತೇವೆ. ಕೂಗಿದ್ದನ್ನು ಸೀಟಿನಲ್ಲಿ ಕುಳಿತವನು ನಂಬಲೇಬೇಕು. ಈರಣ್ಣ ಮಾರುವ ಮಾತೆತ್ತಿದ ಆ ಮಧ್ಯಾಹ್ನವೆಲ್ಲ ನಾವಂತೂ ಹರ್ತಿಯ ಅವನ ಅಂಗಳದಲ್ಲಿ ಜಗಳವಾಡುತ್ತಲೇ ಹಾಗೆ ಒಬ್ಬರನ್ನೊಬ್ಬರು ನಂಬಿದೆವು. ಬಲ್ಬು ಬದಲಿಸಿದೆವು, ಫ್ಯೂಜ್ ನೋಡಿದೆವು, ಪ್ಲಗ್ಗಿನ ಪಿನ್ನುಗಳನ್ನು ಉಜ್ಜಿದೆವು. ದೀಪಗಳು ಮಾತ್ರ ಹಟ ಬಿಡಲಿಲ್ಲ.

ಕಾಲೇಜಿನಲ್ಲಿ ಓದಿದ್ದು ನನಗೆ ಹೊಲದಲ್ಲಿ ಒಮ್ಮೆಯೂ ಉಪಯೋಗಕ್ಕೆ ಬಂದಿಲ್ಲ. ಅಂದು ಮಾತ್ರ ಒಂದು ಪಾಠ ನೆನಪಾಯಿತು. ಕರೆಂಟು ಬಲ್ಬಿನವರೆಗೆ ಹೋದರಷ್ಟೇ ಸಾಲದು, ಬಂದಲ್ಲಿಗೆ ಮರಳಬೇಕು. ಹೋಗುವುದು ವಾಯರಿನಲ್ಲಿ, ಮರಳುವುದು ಕಬ್ಬಿಣದ ಮೈಯಲ್ಲಿ. ಮರಳುವ ದಾರಿ ಮುಚ್ಚಿದರೆ ಅದು ಕಂಡ ಕಂಡ ಬಲ್ಬಿನೊಳಗೆ ನುಗ್ಗಿ ಒದ್ದಾಡುತ್ತದೆ. ಕೈ ಸುಮ್ಮನಿರದೆ, ಈರಣ್ಣನಿಗೆ ಸೀಟಿನಲ್ಲಿ ಕುಳಿತು ದೀಪ ಹಾಕಲು ಹೇಳಿ, ಒಂದು ವಾಯರಿನ ತುಂಡು ಹಿಡಿದು ಟ್ರ್ಯಾಕ್ಟರಿನ ಮೈಗೂ ಟ್ರೇಲರಿನ ಮೈಗೂ ಮುಟ್ಟಿಸಿದೆ. ಎಲ್ಲ ದೀಪಗಳೂ ಝಗ್ಗನೆ ಹತ್ತಿದವು.

ಟ್ರೇಲರಿನ ಮೈಗೆ ಅರ್ಥಿಂಗ್ ವಾಯರ್ ಕಟ್ಟಿದ್ದ ಬೋಲ್ಟು ಬಿಚ್ಚಿ ನೋಡಿದರೆ ಕೆಳಗೆ ಕರೆಂಟು ದಾಟದಂತೆ ದಪ್ಪನೆಯ ನೀಲಿ ಬಣ್ಣ. ಟ್ರೇಲರ್ ಈಗ ತನ್ನದು ಎಂದು ಊರಿಗೆ ತೋರಿಸಲು ಈರಣ್ಣ ಸುಗ್ಗಿಗೆ ಮುಂಚೆ ಅದಕ್ಕೆ ಮೂಲೆ ಬಿಡದೆ ಬಣ್ಣ ಬಳಿದಿದ್ದ. ನಾನು ಚಾಕುವಿನಿಂದ ಕೆರೆಯುತ್ತಿದ್ದರೆ ಅವನು ತನ್ನ ಚರ್ಮವನ್ನೇ ಕೆರೆದಂತೆ ಮುಖ ಮಾಡಿದ. ಆದರೆ ತಡೆಯಲಿಲ್ಲ. ದೋಷ ಯಾರದು ಎಂಬ ಮಾತನ್ನು ನಾನೂ ಎತ್ತಲಿಲ್ಲ.

ಮನೆಗೆ ಮರಳಿದ ಮೇಲೆ ನನಗೆ ಹೊಳೆಯಿತು: ದೀಪ ಸರಿಯಿರುವ ಟ್ರೇಲರಿಗೆ ಗಿರಾಕಿ ಇನ್ನೂ ಜಲ್ದಿ ಸಿಗುತ್ತಾನೆ. ಮಾರುವ ಮಾಲನ್ನು ನಾನೇ ಕೈಯಾರೆ ರಿಪೇರಿ ಮಾಡಿಕೊಟ್ಟು ಬಂದಿದ್ದೆ. ಫೋನ್ ಮಾಡಿ ಕೇಳೋಣವೆಂದರೆ, ‘ಹೌದು, ಕೊಟ್ಟೆ’ ಎಂದುಬಿಟ್ಟರೆ ಏನು ಮಾಡುವುದೆಂಬ ಹೆದರಿಕೆ.

ಮೊನ್ನೆ ಅವನದೇ ಫೋನ್ ಬಂತು. ದೀಪಗಳು ಮತ್ತೆ ಕೈಕೊಟ್ಟಿವೆ, ಇಂಥದ್ದನ್ನು ಶಿರಹಟ್ಟಿಯವರಿಗೆ ಕೊಟ್ಟು ಬೈಸಿಕೊಳ್ಳುವುದು ಹೇಗೆ, ಟ್ರ್ಯಾಕ್ಟರ್ ತೆಗೆದುಕೊಂಡು ಬಾ ಎಂದ. ಮುಸ್ಸಂಜೆಗೆ ಹರ್ತಿ ಮುಟ್ಟಿದೆ. ಕೊಂಡಿ ಹಾಕಿ, ಪ್ಲಗ್ ಸಿಕ್ಕಿಸಿ, ಸೀಟಿನಲ್ಲಿ ಕುಳಿತು ಬ್ರೇಕ್ ಒತ್ತಿದೆ. ಸುಮ್ಮನಿರಲಾರದೆ ಪಕ್ಕಕ್ಕೆ ಬಾಗಿ ಹಿಂದೆ ನೋಡಿದೆ. ದೀಪದೆದುರು ಈರಣ್ಣನ ಬಿಳಿ ಬನಿಯನ್ ಕೆಂಪಗೆ ಬೆಳಗುತ್ತಿತ್ತು.

ಹತ್ತಿತೇ ಎಂದು ಕೇಳಿದೆ.

ಅವನು ದೀಪವನ್ನು ನೆಟ್ಟಗೆ ನೋಡಿ, “ಇಲ್ಲಣ್ಣಾ, ಹತ್ತವಲ್ದು. ಇನ್ನೊಮ್ಮಿ ಒತ್ತು,” ಎಂದ.

ಒತ್ತಿದೆ. ದೋಷ ದೊಡ್ಡದೇ ಇರಬೇಕು, ನಾಳೆಯೂ ಬಂದು ನೋಡಬೇಕಾಗುತ್ತದೆ ಎಂದು ಇಬ್ಬರೂ ಒಪ್ಪಿಕೊಂಡೆವು.