ಎರಡು ಹಣ, ಒಂದೇ ಕಚ್ಚು

ಆಗ ಬ್ಯಾಸಗಿ ಸೂಟಿ ಅಂದರೆ ನನಗೆ ಮಾನ್ವಿಯ ತಾತನ ಮನೆ. ಅವ್ವನ ಅಪ್ಪ ಪತ್ತಾರ. ಪಡಸಾಲೆಯಲ್ಲೇ ಬಂಗಾರ ಕಾಸುವ ಕುಲುಮೆ. ಮನೆಯೊಳಗೆ ಕಾಲಿಟ್ಟರೆ ಇದ್ದಿಲು, ಬಿಳಿಗಾರ, ಹುಣಸೆನೀರು ಕೂಡಿದ ಒಂದು ವಾಸನೆ. ಅದರ ಹಿಂದೆಯೇ ಅಡುಗೆಮನೆಯಲ್ಲಿ ಚಿಗವ್ವ ಹುರಿಯುವ ಶೇಂಗಾದ ಘಮ. ಚಿಗವ್ವ ಗಿರಿಜಾ ನನ್ನ ಅವ್ವನ ತಂಗಿ. ಮಧ್ಯಾಹ್ನ ತಣ್ಣನೆಯ ಬಂಡೆಗಲ್ಲಿನ ನೆಲದ ಮೇಲೆ ಕೂತು ನನ್ನ ಜೊತೆ ಐದು ಕಲ್ಲಿನ ಆಟ ಆಡುತ್ತಿದ್ದಳು. ಬೇಕೆಂತಲೇ ಸೋಲುತ್ತಿದ್ದಳು.

ಹೊಲದಲ್ಲಿ, ಹಳೆ ಗೋಡೆಯಲ್ಲಿ ಸಿಕ್ಕ 'ಹಣ' ಎನ್ನುವ ಪುಟ್ಟ ಬಂಗಾರದ ನಾಣ್ಯಗಳನ್ನು ಜನ ತಾತನಿಗೆ ತೋರಿಸಲು ತರುತ್ತಿದ್ದರು. ತೊಗರಿ ಬೇಳೆಗಿಂತ ತುಸು ದೊಡ್ಡವು. ತಾತ ನನಗೂ ಕಲಿಸುತ್ತಿದ್ದ.

"ಹಳೇ ಹಣ ಒಂದೊಂದಾಗಿ ಬಡಿದು ಮಾಡಿದ್ದವ್ವಾ. ಅಂಚು ಸೀಳಿರ್ತದ, ದೇವರ ಚಿತ್ರ ಒಂದು ಮಗ್ಗಲಿಗೆ ಸರದಿರ್ತದ. ಒಂದರಂಗ ಒಂದಿರಂಗಿಲ್ಲ. ಎರಡು ಹಣದಾಗ ಅದೇ ಜಾಗಾದಾಗ ಅದೇ ಕಚ್ಚು ಇತ್ತಂದ್ರ, ಒಂದೇ ಅಚ್ಚಿನಾಗ ಎರಕ ಹೊಯ್ದಾರಂತ ತಿಳಕೋ. ಖೋಟಾ."

ನಾನು ಐದನೇ ಇಯತ್ತೆ ಮುಗಿಸಿದ ವರ್ಷ ತಾತನ ಕಣ್ಣಿಗೆ ಪೊರೆ ಬಂದಿತ್ತು. ಯಾರಿಗೂ ಹೇಳಿರಲಿಲ್ಲ. ಭೂತಗನ್ನಡಿಯನ್ನು ಒಮ್ಮೆ ತಾನು ಹಿಡಿದಂತೆ ಮಾಡಿ, "ನೀನೂ ನೋಡವ್ವಾ" ಎಂದು ನನ್ನ ಕೈಗೆ ಕೊಡುತ್ತಿದ್ದ. ನಾನು ಕಂಡದ್ದನ್ನು ಹೇಳುತ್ತಿದ್ದೆ.

ಅದೇ ಬ್ಯಾಸಗಿಯಲ್ಲಿ ಚಿಗವ್ವನಿಗೆ ದೇವದುರ್ಗದ ಸಂಬಂಧ ಕೂಡಿಬಂತು. ಹುಡುಗ ಬಡಿಗತನ ಮಾಡುತ್ತಿದ್ದ. ಒಪ್ಪಿಗೆಯ ದಿನ ಅವನ ತಾಯಿ ಸೆರಗಿನ ಗಂಟು ಬಿಚ್ಚಿ ಎರಡು ಹಣ ಚಿಗವ್ವನ ಕೈಗಿಟ್ಟಳು.

"ನಮ್ಮತ್ತಿ ತಾಳ್ಯಾಗಿದ್ದವು, ಆಮ್ಯಾಲ ನನ್ನ ತಾಳ್ಯಾಗ. ಇನ್ನು ನೀ ಹಾಕ್ಕೋ ಯವ್ವಾ."

ಎಂಟು ದಿನ ಅವು ಚಿಗವ್ವನ ಬಳಿಯೇ ಇದ್ದವು. ಒಂಬತ್ತನೇ ದಿನ ತಾಳಿಗೆ ಪೋಣಿಸುವ ಶಾಸ್ತ್ರ. ಬೀಗರು ಬಂದು ಮಂಡಾಳ ಒಗ್ಗರಣಿ ತಿನ್ನುತ್ತ ಕೂತಿದ್ದರು. ತಾತ ಹಣಗಳನ್ನು ನನ್ನ ಕೈಗೆ ಹಾಕಿ ಕೇಳಿದ.

"ದೇವರಿದ್ದ ಮಗ್ಗಲು ಯಾವುದು ನೋಡವ್ವಾ."

ಕಣ್ಣಿಗೆ ಗಾಜು ಹಿಡಿದೆ. ಕೂತ ದೇವರು, ಎಡಭುಜದ ಹತ್ತಿರ ಸಾಸಿವೆಯಷ್ಟು ಕಚ್ಚು. ಎರಡನೆಯದರಲ್ಲೂ ಅದೇ ಭುಜ, ಅದೇ ಕಚ್ಚು. ಕಲಿತದ್ದು ಕಣ್ಣಿಗೆ ಬಿತ್ತಲ್ಲ ಎಂಬ ಹಿಗ್ಗಿನಲ್ಲಿ ಕೂಗಿಬಿಟ್ಟೆ.

"ತಾತಾ, ಎರಡರಾಗೂ ಒಂದೇ ಕಚ್ಚದ!"

"ಇನ್ನೊಮ್ಮಿ ನೋಡು" ಎಂದ ತಾತ. ನಾನು ತಲೆ ಎತ್ತಿದಾಗ ಚಿಗವ್ವ ಅಡುಗೆಮನೆಯ ಬಾಗಿಲಲ್ಲಿ ತಾಟು ಹಿಡಿದು ನಿಂತಿದ್ದಳು. ಬೇಡ ಎನ್ನುವಂತೆ ಮೆಲ್ಲಗೆ ತಲೆ ಅಲ್ಲಾಡಿಸಿದಳು. ಏನು ಬೇಡವೆಂದು ನನಗೆ ತಿಳಿಯಲಿಲ್ಲ.

"ಖರೇನ ತಾತಾ. ಎರಕದ್ದು."

ತಾತ ಒರೆಗಲ್ಲಿಗೆ ಒಂದು ಹಣ ಉಜ್ಜಿ, ಗೆರೆಯ ಮೇಲೆ ಆಸಿಡ್ಡಿನ ಹನಿ ಬಿಟ್ಟ. ಹಸಿರು ಬುರುಗು ಎದ್ದು ಗೆರೆ ಅಳಿಸಿಹೋಯಿತು. ಬಂಗಾರವಲ್ಲ ಎಂಬುದು ಎಲ್ಲರಿಗೂ ಕಂಡಿತು.

"ಪತ್ತಾರನ ಮನಿಗೇ ಖೋಟಾ ತಂದೀರೇನು?"

"ಯಪ್ಪಾ, ನನಗ ಗೊತ್ತಿಲ್ರೀ! ನಮ್ಮತ್ತಿ ಕೊಟ್ಟಿದ್ದು ಹಾಂಗ ಇಟ್ಟಿದ್ದೆ" ಎಂದು ಆ ತಾಯಿ ಕೈಮುಗಿದು ಅತ್ತಳು. ಹುಡುಗ ಎದ್ದು ನಿಂತ.

"ಹಣ ಬ್ಯಾಡ್ರಿ. ಅರಿಶಿಣ ಕೊಂಬು ಕಟ್ತೀನಿ. ಹುಡುಗಿನ್ನ ಕೊಡ್ರಿ."

ತಾತ ಒಪ್ಪಲಿಲ್ಲ. ಊರು ನಗುತ್ತದೆ ಎಂದ. ಅವರು ಉಂಡ ತಾಟು ತೊಳೆಯುವ ಮೊದಲೇ ಎದ್ದು ಹೋದರು. ಮೂರು ದಿನ ಬಿಟ್ಟು ಆ ತಾಯಿ ಒಬ್ಬಳೇ ಬಂದು ಕಟ್ಟೆಯ ಮೇಲೆ ಕೂತಳು. ತಾತ ಹೊರಗೆ ಬರಲಿಲ್ಲ. ಓಣಿಯವರೆಲ್ಲ ನನ್ನನ್ನು ಹೊಗಳಿದರು, ಎಳೇ ಕಣ್ಣು ಎಷ್ಟು ಚುರುಕು ಎಂದು. ಚಿಗವ್ವ ಮಾತ್ರ ಆ ಸೂಟಿಯಲ್ಲಿ ಮತ್ತೆ ನನ್ನ ಜೊತೆ ಆಟಕ್ಕೆ ಕೂರಲಿಲ್ಲ.

ಆಮೇಲೆ ಬಂದ ಯಾವ ಸಂಬಂಧಕ್ಕೂ ಅವಳು ಹೂಂ ಅನ್ನಲಿಲ್ಲ. ಬಟ್ಟೆ ಹೊಲಿಯುತ್ತ ಮಾನ್ವಿಯಲ್ಲೇ ಉಳಿದಳು. ಹೋದ ವರ್ಷ ದವಾಖಾನೆಗೆಂದು ರಾಯಚೂರಿನ ನನ್ನ ಮನೆಗೆ ಬಂದಿದ್ದಳು. ಅವಳಿಗೆ ಗಂಜಿ ಕುಡಿಸುತ್ತ, ಇಷ್ಟು ವರ್ಷ ಗಂಟಲಲ್ಲಿದ್ದದ್ದನ್ನು ಕೇಳಿದೆ.

"ನನ್ನ ಮ್ಯಾಲ ಸಿಟ್ಟದ ಏನು ಚಿಗವ್ವಾ?"

"ನಿನಗಿಂತ ಮೊದ್ಲ ನಾ ನೋಡಿದ್ದೆ ಯವ್ವಾ. ನಾನೂ ಪತ್ತಾರನ ಮಗಳಲ್ಲೇನು? ಅವರು ಕೊಟ್ಟು ಹೋದ ದಿನಾನ ನೋಡಿದ್ದೆ."

"ಮತ್ತ ಯಾಕ ಹೇಳಲಿಲ್ಲ?"

"ಪಾಪ, ಆಕಿಗೇ ಗೊತ್ತಿದ್ದಿಲ್ಲ. ಆಕಿ ಅಷ್ಟು ಪ್ರೀತೀಲೆ ಕೊಟ್ಟಿದ್ದಳು. ನನಗ ಅಷ್ಟು ಸಾಕಿತ್ತು."

ಮೂರು ತಿಂಗಳಿಗೆ ಚಿಗವ್ವ ತೀರಿಹೋದಳು. ತಾತ ಹೋಗಿ ಎಷ್ಟೋ ವರ್ಷವಾಗಿದೆ. ಅಂದು ಪಡಸಾಲೆಯಲ್ಲಿ ಅಷ್ಟು ಜನರಿದ್ದೂ, ನಿನಗೇನು ಬೇಕು ಎಂದು ಅವಳನ್ನು ಕೇಳಿದವರು ಒಬ್ಬರೂ ಇರಲಿಲ್ಲ.

ದೇವದುರ್ಗದಲ್ಲಿ ನನಗೊಂದು ಚಿಗವ್ವನ ಮನೆ ಇರಬೇಕಿತ್ತು. ಅವಳ ಮಕ್ಕಳು ನನ್ನನ್ನು ಅಕ್ಕಾ ಎನ್ನಬೇಕಿತ್ತು. ಶಾಲೆಯ ಕೆಲಸಕ್ಕೆ ಈಗಲೂ ಆ ಊರಿಗೆ ಹೋಗುತ್ತಿರುತ್ತೇನೆ. ಕೆಲಸ ಮುಗಿದ ಮೇಲೆ, ಹೋಗಲು ಒಂದು ಮನೆಯೂ ಇಲ್ಲದೆ, ಹೊತ್ತು ಮುಳುಗುವ ಮೊದಲೇ ಹೊರಳಿ ಬರುತ್ತೇನೆ.